ಸಪ್ಪೆ ಬೊಮ್ಮಕ್ಕನ ನಾಲಗೆ

ಬಹಳ ಬಹಳ ಹಿಂದೆ, ಈಗಿನ ಅಜ್ಜಿಯರ ಅಜ್ಜಿಯರಿಗೂ ಇದು ಹಳೇ ಸುದ್ದಿಯೇ ಆಗಿದ್ದ ಕಾಲದಲ್ಲಿ, ಹಳೇಕೋಡಿ ಎಂಬುದೊಂದು ಊರಿತ್ತಂತೆ. ಘಟ್ಟ ಇಳಿದು ಬಂದ ಹೊಳೆ ಸಮುದ್ರ ಸೇರುವ ಮೊದಲು, ಹೋಗಲೋ ಬೇಡವೋ ಎಂದು ಒಂದಿಷ್ಟು ಹೊತ್ತು ಅಲ್ಲಲ್ಲೇ ಸುತ್ತಾಡುತ್ತದಲ್ಲ, ಅಂಥ ಜಾಗದಲ್ಲಿ ಆ ಊರು. ಎತ್ತ ನೋಡಿದರೂ ನೀರು, ಕುಡಿಯಲು ಮಾತ್ರ ಗುಡ್ಡದ ಬುಡದ ಒಂದೇ ಬಾವಿ. ಊರವರೆಲ್ಲ ಅಂಬಿಗರು. ದೋಣಿ, ಬಲೆ, ಬಳಚಿನ ಚಿಪ್ಪು, ಏಡಿ, ಇಷ್ಟರಲ್ಲೇ ಹುಟ್ಟಿ ಇಷ್ಟರಲ್ಲೇ ಮುಗಿಯುವವರು.

ಊರಿಗೊಂದು ದೊಡ್ಡ ಗಜನಿ ಇತ್ತು. ಗಜನಿ ಎಂದರೆ ಹೊಳೆಯ ಪಕ್ಕದ ತಗ್ಗು ಭೂಮಿ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲೊಂದು ಮರದ ಹಲಗೆಯ ಬಾಗಿಲು. ಆ ಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಿದ್ದರು, ಉಪ್ಪು ನೀರಿಗೂ ಜಗ್ಗದ ಭತ್ತ ಅದು. ಕೊಯ್ಲು ಮುಗಿದ ಮೇಲೆ ಜಂತ್ರಡಿ ತೆಗೆದರೆ ಉಬ್ಬರದ ಜೊತೆ ಸಮುದ್ರದ ನೀರು ಒಳಗೆ ಬರುತ್ತಿತ್ತು, ನೀರಿನ ಜೊತೆ ಮೀನಿನ ಮರಿ ಬರುತ್ತಿತ್ತು, ಸಿಗಡಿಯ ಮರಿ ಬರುತ್ತಿತ್ತು. ಬಂದದ್ದು ಹೊರಗೆ ಹೋಗದ ಹಾಗೆ ಬಿದಿರಿನ ತಟ್ಟಿ ಅಡ್ಡ ಇಡುತ್ತಿದ್ದರು. ಒಳಗೇ ತಿಂದು ಒಳಗೇ ಕೊಬ್ಬಬೇಕು. ಬಿಸಿಲು ಏರಿದಂತೆ ನೀರು ಇಳಿದು ಮೊಣಕಾಲುದ್ದ ಆಗುತ್ತಿತ್ತು, ಆಗಷ್ಟೇ ಬಸಿದ ಗಂಜಿಯ ಹಾಗೆ ಬೆಚ್ಚಗಾಗುತ್ತಿತ್ತು. ಬೇಸಿಗೆಯ ಕೊನೆಗೆ, ಮಳೆಗೆ ಮೊದಲು, ಒಂದು ದಿನ ಗೊತ್ತುಮಾಡಿಕೊಂಡು ಊರಿಗೆ ಊರೇ ಗಜನಿಗೆ ಇಳಿಯುತ್ತಿತ್ತು. ಗಂಡಸರಿಗೆ ಬೀಸುಬಲೆ, ಹೆಂಗಸರಿಗೆ ಬುಟ್ಟಿ, ಮಕ್ಕಳಿಗೆ ಬರೀ ಕೈ.

ಆ ಒಂದು ದಿನದ ಮೀನು ನಾಲ್ಕು ತಿಂಗಳ ಜೀವ. ಮಳೆ ಹಿಡಿದರೆ ಹೊಳೆಗೆ ದೋಣಿ ಇಳಿಸುವ ಹಾಗಿಲ್ಲ, ಸಮುದ್ರದ ಕಡೆ ಮುಖ ಹಾಕುವ ಹಾಗಿಲ್ಲ. ಹಿಡಿದ ಮೀನಿಗೆ ಉಪ್ಪು ಹಾಕಿ, ಮೂರು ಬಿಸಿಲು ಒಣಗಿಸಿ, ಅಟ್ಟಕ್ಕೆ ಏರಿಸಿದರೆ ಮಾತ್ರ ಮಳೆಗಾಲ ದಾಟಿದ ಹಾಗೆ. ಬೇಗ ಇಳಿದರೆ ಮೀನು ಇನ್ನೂ ಬೆರಳುದ್ದ, ಒಮ್ಮೆ ತುಳಿದು ಕಲಕಿದ ಗಜನಿ ಆ ವರ್ಷ ಮತ್ತೆ ಕೊಡುವುದಿಲ್ಲ. ತಡಮಾಡಿದರೆ ಮಳೆ ಬಂತು. ಮಳೆಯ ತಣ್ಣೀರು ಆ ಕಾದ ಉಪ್ಪು ನೀರಿನ ಮೇಲೆ ಒಮ್ಮೆಲೇ ಬಿದ್ದರೆ ಮೀನು ಉಸಿರುಕಟ್ಟಿ ಸಾಯುತ್ತದೆ. ಸತ್ತ ಮೀನನ್ನು ಒಣಗಿಸೋಣವೆಂದರೆ ಬಿಸಿಲೆಲ್ಲಿ? ಹಾಗಾಗಿ ಇಂಥ ದಿನ ಎಂದು ಹೇಳುವವರು ಒಬ್ಬರು ಬೇಕಾಗಿತ್ತು. ಹೇಳುತ್ತಿದ್ದವಳು ಬೊಮ್ಮಕ್ಕ.

ಬೊಮ್ಮಕ್ಕ ಹೇಳುತ್ತಿದ್ದುದು ನಾಲಗೆಯಿಂದ. ದಿನಾ ಇಳಿತದ ಹೊತ್ತಿಗೆ ಜಂತ್ರಡಿಯ ಹತ್ತಿರ ಹೋಗಿ, ಹೊಳೆಯ ಕಡೆಯ ನೀರನ್ನು ಬೊಗಸೆಯಲ್ಲಿ ಎತ್ತಿ, ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತು ಉಗಿಯುತ್ತಿದ್ದಳಂತೆ. ಮಳೆ ಮೊದಲು ಬೀಳುವುದು ಘಟ್ಟದ ಮೇಲೆ. ಹಳೇಕೋಡಿಯ ಆಕಾಶದಲ್ಲಿ ಒಂದು ತುಂಡು ಮೋಡ ಕಾಣುವ ಮೊದಲೇ, ಆ ಘಟ್ಟದ ನೀರು ಹೊಳೆಯಲ್ಲಿ ಬೆರೆತು ಕೆಳಗೆ ಬಂದಿರುತ್ತದೆ. ಹೊಳೆ ತುಂಬ ಉಪ್ಪು, ಅದರಲ್ಲಿ ಒಂದು ಕೊಡದಷ್ಟು ಸಿಹಿ. ಬೇರೆ ಯಾರಿಗೂ ತಿಳಿಯದು. ಅವಳಿಗೆ ತಿಳಿಯುತ್ತಿತ್ತು. ಸಿಹಿ ಬಂತು, ನಾಳೆ ಇಳಿಯಿರಿ, ಎನ್ನುತ್ತಿದ್ದಳು. ಇಳಿಯುತ್ತಿದ್ದರು. ಹಿಡಿದು, ಒಣಗಿಸಿ, ಅಟ್ಟಕ್ಕೆ ಏರಿಸಿ ಏಣಿ ತೆಗೆಯುವ ಹೊತ್ತಿಗೆ ಮೊದಲ ಹನಿ ಬೀಳುತ್ತಿತ್ತಂತೆ.

ಇನ್ನೂ ಏನೇನೋ ಹೇಳುತ್ತಾರೆ. ಒಂದು ಹನಿ ನಾಲಗೆಗೆ ತಾಗಿಸಿದರೆ ಯಾವ ಕೋಡಿಯ ನೀರು ಎಂದು ಹೇಳುತ್ತಿದ್ದಳಂತೆ. ಕಾಗಳಸಿ ಮೀನಿನ ಗುಂಪು ಯಾವ ಬಂಡೆಯ ಸಂದಿಯಲ್ಲಿ ಮಲಗಿದೆ ಎಂದು ಹೇಳುತ್ತಿದ್ದಳಂತೆ. ಯಾರ ಮನೆಯ ಸೊಸೆ ಹೊಳೆದಂಡೆಯಲ್ಲಿ ಕೂತು ಅತ್ತು ಎದ್ದುಹೋಗಿದ್ದಾಳೆ ಎಂಬುದನ್ನೂ ಹೇಳುತ್ತಿದ್ದಳಂತೆ, ಅತ್ತೆಯಂದಿರು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದರಂತೆ. ಅಷ್ಟೆಲ್ಲ ಇತ್ತೋ ಇಲ್ಲವೋ, ಹೇಳುವವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ಆದರೆ ಹದಿನೆಂಟು ಬೇಸಿಗೆ ಅವಳು ಹೇಳಿದ ದಿನ ತಪ್ಪಲಿಲ್ಲ. ಇದೊಂದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ.

ಆ ನಾಲಗೆಗೊಂದು ಕಟ್ಟು ಇತ್ತು. ಶಿವರಾತ್ರಿಯ ಮರುದಿನದಿಂದ ಗಜನಿಗೆ ಇಳಿಯುವ ದಿನದವರೆಗೆ ಅವಳು ಉಪ್ಪು ಮುಟ್ಟುವಂತಿಲ್ಲ. ಅವಳ ಅವ್ವಿಯೂ ಮುಟ್ಟಿರಲಿಲ್ಲ, ಅವ್ವಿಯ ಅವ್ವಿಯೂ ಮುಟ್ಟಿರಲಿಲ್ಲ. ಶಿವರಾತ್ರಿ ಕಳೆದರೆ ಮನೆಯ ಉಪ್ಪಿನ ಮಡಕೆಯನ್ನು ತೊಳೆದು ಹೊರಗೆ ಸೂರಿನ ಕೆಳಗೆ ಬೋರಲು ಹಾಕಬೇಕು. ಸುತ್ತ ನೋಡಿದರೆ ಊರೆಲ್ಲ ಉಪ್ಪು. ಗಾಳಿಯಲ್ಲಿ ಉಪ್ಪು, ಬೆವರಿನಲ್ಲಿ ಉಪ್ಪು, ಒಣಗಲು ಹಾಕಿದ ಸೀರೆಯ ಅಂಚಿನಲ್ಲಿ ಉಪ್ಪು. ಅವಳ ಗಂಜಿಯಲ್ಲಿ ಮಾತ್ರ ಇಲ್ಲ. ಅದಕ್ಕೇ ಸಪ್ಪೆ ಬೊಮ್ಮಕ್ಕ ಎಂದು ಹೆಸರು ಬಿತ್ತು. ಚಿಕ್ಕವರು ಆಡಿಕೊಂಡು ನಗುತ್ತಿದ್ದರು, ದೊಡ್ಡವರು ಗದರುತ್ತಿದ್ದರು. ಮೂರು ತಿಂಗಳು ಸಪ್ಪೆ ಗಂಜಿ ಕುಡಿದು ನೋಡಿದರೆ ತಿಳಿಯುತ್ತದೆ ಅದರ ಕಷ್ಟ.

ಅವಳ ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಮೊಮ್ಮಗಳು ತುಳಸು. ಮಗಳು ಹೆರಿಗೆಯಲ್ಲೇ ಹೋಗಿದ್ದಳು. ಅಳಿಯ ಬೇರೆ ಬಂದರಿಗೆ ದುಡಿಯಲು ಹೋದವನು ಅಲ್ಲೇ ಬೇರೆ ಒಲೆ ಹೂಡಿದ. ತುಳಸುವಿಗೆ ಐದೋ ಆರೋ ವರ್ಷ. ಹಗಲು ಪಕ್ಕದ ಮನೆಯ ದೇವಮ್ಮನ ಮಕ್ಕಳ ಜೊತೆ ಉಂಡುಕೊಂಡು ಬರುತ್ತಿದ್ದಳು, ಅಲ್ಲಿ ಉಪ್ಪೂ ಇತ್ತು, ಖಾರವೂ ಇತ್ತು. ಇನ್ನೂ ಚಿಕ್ಕವಳಿದ್ದಾಗ ಒಮ್ಮೆ ಅವಳು ಪ್ರೀತಿಯಿಂದ ಒಂದು ಉಪ್ಪಿನ ಹರಳನ್ನು ಅಜ್ಜಿಯ ಬಾಯಿಗೆ ಇಡಲು ಬಂದಿದ್ದಳಂತೆ. ಬೊಮ್ಮಕ್ಕ ಹೆದರಿ, ಮಡಕೆ ಬೋರಲು ಹಾಕಿದ ಮೇಲೆ ಈ ಮನೆಯ ಒಳಗೆ ಉಪ್ಪು ತಿಂದರೆ ನಾಲಗೆ ಸುಟ್ಟುಹೋಗುತ್ತದೆ ಎಂದು ಒಂದು ಸುಳ್ಳು ಹೇಳಿ ಬಿಟ್ಟಿದ್ದಳು. ಮಕ್ಕಳಿಗೆ ಹೇಳಿದ ಸುಳ್ಳನ್ನು ನಾವು ಮರೆಯುತ್ತೇವೆ, ಮಕ್ಕಳು ಮರೆಯುವುದಿಲ್ಲ.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತಂತೆ. ಹಿಂದಿನ ಮಳೆಗೆ ಕಟ್ಟೆ ಒಡೆದು ಕಗ್ಗದ ಬೆಳೆ ಅರ್ಧ ಕೊಳೆತಿತ್ತು. ಚೈತ್ರಕ್ಕೇ ಅಟ್ಟಗಳು ಖಾಲಿ. ಹೊಳೆಯಲ್ಲಿ ಬಲೆ ಬೀಸಿದರೆ ಎಲೆ, ಕಸ, ಎರಡು ಏಡಿ. ಮೀನು ಇದ್ದದ್ದು ಗಜನಿಯಲ್ಲಿ ಮಾತ್ರ. ಸಂಜೆಯ ಹೊತ್ತು ಕಟ್ಟೆಯ ಮೇಲೆ ನಿಂತರೆ ಸಿಗಡಿ ಚಿಮ್ಮುವ ಸದ್ದು ಕೇಳುತ್ತಿತ್ತು. ಜನ ಸುಮ್ಮನೆ ಅಲ್ಲಿಗೆ ಬಂದು ಕೇಳಿಸಿಕೊಂಡು ಹೋಗುತ್ತಿದ್ದರು. ಊರ ಹಿರಿಯನಿಗೆ ಬುದ್ವಂತ ಎನ್ನುತ್ತಿದ್ದರು. ಆಗಿನ ಬುದ್ವಂತ ಹಮ್ಮಣ್ಣ ಎರಡು ಸಲ ಬೊಮ್ಮಕ್ಕನ ಅಂಗಳಕ್ಕೆ ಬಂದು, ಇಳಿಯೋಣವೇ ಎಂದು ಕೇಳಿದ. ಇನ್ನೂ ಬೇಡ, ನೀರು ಬರೀ ಉಪ್ಪು, ಮೃಗಶಿರೆ ಮಳೆಗೆ ಇನ್ನೂ ಒಂದು ತಿಂಗಳು ಇದೆ, ಅಷ್ಟರಲ್ಲಿ ಮೀನು ಒಂದಕ್ಕೆರಡು ತೂಗುತ್ತದೆ ಎಂದಳು. ಹಮ್ಮಣ್ಣ ಹೋಗಿ ಜನರಿಗೆ ಅದನ್ನೇ ಹೇಳಿದ. ಹಸಿದ ಊರು ಅವಳ ಮಾತಿಗೆ ಕಾದು ಕುಳಿತಿತ್ತು.

ಅದೇ ಹೊತ್ತಿಗೆ ತುಳಸುವಿಗೆ ಜ್ವರ ಬಂತು. ಹತ್ತು ದಿನ ಕಾದು, ಬಿಟ್ಟಿತು. ಜ್ವರ ಬಿಟ್ಟರೂ ಮಗುವಿಗೆ ಅನ್ನ ಸೇರದು. ಅಜ್ಜಿಯ ಮಡಿಲು ಬಿಟ್ಟು ಏಳದು, ದೇವಮ್ಮನ ಮನೆಗೆ ಎತ್ತಿಕೊಂಡು ಹೋದರೆ ಅಳು. ಸಪ್ಪೆ ಗಂಜಿ ಬಾಯಿಗೆ ಹಾಕಿದರೆ ಹಾಗೇ ಹೊರಗೆ. ಕೈಕಾಲು ಕಡ್ಡಿಯಾದವು. ದೇವಮ್ಮ ನೋಡುವಷ್ಟು ನೋಡಿ, ಒಂದು ದಿನ ಮಧ್ಯಾಹ್ನ ತೆಂಗಿನ ಗರಟೆಯಲ್ಲಿ ಉಪ್ಪು ತಂದು ಹೊಸ್ತಿಲ ಹತ್ತಿರ ಇಟ್ಟಳು. ಕಟ್ಟು ನಿನಗೆ, ಮಗುವಿಗಲ್ಲ, ಎಂದು ಹೇಳಿ ಹೋದಳು.

ಬೊಮ್ಮಕ್ಕ ಬಹಳ ಹೊತ್ತು ಆ ಗರಟೆಯನ್ನೇ ನೋಡಿದಳಂತೆ. ಕೊನೆಗೆ ಬೇರೆ ಗಡಿಗೆಯಲ್ಲಿ ಗಂಜಿ ಬೇಯಿಸಿ, ನಾಲ್ಕು ಹರಳು ಉಪ್ಪು ಹಾಕಿ, ಆರಿಸಿ, ತುತ್ತು ಮಾಡಿ ಮಗುವಿನ ಬಾಯಿಯ ಹತ್ತಿರ ಹಿಡಿದಳು. ಮಗು ಬಾಯಿ ಬಿಗಿಹಿಡಿಯಿತು. ನಾಲಗೆ ಸುಡುತ್ತದೆ ಎಂದಿತು. ಇಲ್ಲ ಮಗಾ, ಅದು ಸುಳ್ಳು, ನಾನೇ ಹೇಳಿದ ಸುಳ್ಳು ಎಂದು ಅಜ್ಜಿ ಎಷ್ಟು ಹೇಳಿದರೂ ಕೇಳಲಿಲ್ಲ.

"ನೀ ಮೊದ್ಲು ಉಣ್ಣು ಅಜ್ಜಿ," ಎಂದಿತು. "ನಿನ್ ನಾಲ್ಗೆ ಸುಡದೇ ಇದ್ರೆ ನಾ ಉಣ್ತೆ."

ಮಗುವಿನ ಎದೆಯ ಎಲುಬು ಎಣಿಸುವ ಹಾಗಿತ್ತು. ಬೊಮ್ಮಕ್ಕ ಒಂದು ತುತ್ತು ಉಂಡಳು. ನಾಲಗೆ ಚಾಚಿ ತೋರಿಸಿದಳು. ಮಗು ನಕ್ಕು ಬಾಯಿ ತೆರೆಯಿತು, ಎಷ್ಟೋ ದಿನದಲ್ಲಿ ಮೊದಲ ಸಲ ಒಂದು ಬಟ್ಟಲು ಗಂಜಿ ಉಂಡು, ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಯಿತು.

ಇಲ್ಲಿಗೇ ನಿಂತಿದ್ದರೆ ಈ ಕತೆಯನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಬಟ್ಟಲಿನ ತಳದಲ್ಲಿ ಇನ್ನೊಂದು ತುತ್ತು ಉಳಿದಿತ್ತು. ಮಗು ಮಲಗಿತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ಮೊದಲ ತುತ್ತಿನ ರುಚಿ ಬೊಮ್ಮಕ್ಕನ ಇಡೀ ಬಾಯಿಯಲ್ಲಿ ನಿಂತಿತ್ತು. ಮೂರು ತಿಂಗಳು ಸತ್ತು ಬಿದ್ದಿದ್ದ ನಾಲಗೆ ಎದ್ದು ಕುಳಿತಿತ್ತು. ಅವಳು ಆ ಎರಡನೆಯ ತುತ್ತನ್ನೂ ಉಂಡಳು. ಮೊದಲನೆಯದು ಮಗುವಿಗಾಗಿ, ಎರಡನೆಯದು ತನಗಾಗಿ. ಉಂಡು ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದಳಂತೆ. ಆಮೇಲೆ ಅತ್ತಳಂತೆ. ಇದನ್ನು ಕೇಳಿ ಆಸೆಬುರುಕಿ ಎನ್ನುವವರು ಇದ್ದಾರೆ. ಎನ್ನುವವರಿಗೆ ದಿನಾ ಉಪ್ಪು ಸಿಗುತ್ತದೆ, ಎನ್ನುತ್ತಾರೆ.

ಸಂಜೆ ಇಳಿತದ ಹೊತ್ತಿಗೆ ಜಂತ್ರಡಿಗೆ ಹೋದಳು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಬೊಗಸೆ ನೀರು ಬಾಯಿಗೆ ಹಾಕಿದಳು. ಸಿಹಿ. ಉಗಿದು, ಬಾಯಿ ಒರೆಸಿಕೊಂಡು, ಇನ್ನೊಂದು ಬೊಗಸೆ ಹಾಕಿದಳು. ಸಿಹಿ. ಸಂಶಯವೇ ಇಲ್ಲದಷ್ಟು ಸಿಹಿ. ಬೇರೆ ವರ್ಷವಾಗಿದ್ದರೆ ಕಟ್ಟೆಯ ಮೇಲಿಂದಲೇ ಕೂಗು ಹಾಕುತ್ತಿದ್ದಳು.

ಆ ದಿನ ಕೂಗು ಬಾಯಿಗೆ ಬರಲಿಲ್ಲ. ಉಪ್ಪು ತಿಂದ ಬಾಯಿಗೆ ಉಪ್ಪು ನೀರು ಸಪ್ಪೆ ಎನಿಸುವುದು ಚಿಕ್ಕ ಮಕ್ಕಳಿಗೂ ಗೊತ್ತು. ಇದು ಘಟ್ಟದ ಮಳೆಯ ಸಿಹಿಯೋ, ನಾನು ತಿಂದ ಉಪ್ಪಿನ ಸಿಹಿಯೋ ಎಂದು ತಿಳಿಯಲಿಲ್ಲ. ಮೃಗಶಿರೆ ಇನ್ನೂ ದೂರ ಇದೆ. ಈಗ ಇಳಿಯಿರಿ ಎಂದು, ಮಳೆ ಹದಿನೈದು ದಿನ ಬಾರದೆ ಹೋದರೆ? ಎಳೆ ಮೀನನ್ನು ಹಿಡಿಸಿ ಊರನ್ನು ಕೆಡಿಸಿದ ಹಾಗಾಗುತ್ತದೆ. ಹಮ್ಮಣ್ಣನ ಹತ್ತಿರ ಹೋಗಿ ಹೀಗೆ ಹೀಗೆ ಆಯಿತು, ನೀವೇ ವಿಚಾರ ಮಾಡಿ ಎನ್ನೋಣವೆಂದರೆ, ಉಂಡದ್ದನ್ನು ಹೇಳಬೇಕು. ಒಂದು ತುತ್ತಾಗಿದ್ದರೆ ಹೇಳುತ್ತಿದ್ದಳು. ಮಗುವಿಗಾಗಿ ಎನ್ನಬಹುದಿತ್ತು. ಎರಡನೆಯದಕ್ಕೆ ಅವಳ ಹತ್ತಿರ ಮಾತಿರಲಿಲ್ಲ.

ದಾರಿಯಲ್ಲಿ ಹಮ್ಮಣ್ಣನೇ ಎದುರು ಸಿಕ್ಕನಂತೆ. ನೀರು ಹೇಗಿದೆ ಎಂದು ಕೇಳಿದನಂತೆ. ನೋಡುತ್ತಿದ್ದೇನೆ ಎಂದಷ್ಟೇ ಹೇಳಿ, ತಲೆತಗ್ಗಿಸಿ ಮನೆಗೆ ಹೋದಳಂತೆ. ಎರಡು ದಿನ ಸಪ್ಪೆ ಉಂಡು ನಾಲಗೆ ತೊಳೆದುಕೊಂಡು ಮತ್ತೆ ನೋಡೋಣ ಎಂದು ಅವಳ ಲೆಕ್ಕ. ಎರಡು ದಿನ ಅವಳು ಗಂಜಿಯನ್ನೂ ಉಣ್ಣಲಿಲ್ಲ. ಬಾವಿಯ ನೀರು ಕುಡಿದಳು, ಬೂದಿಯಿಂದ ನಾಲಗೆ ಉಜ್ಜಿದಳು, ರಕ್ತ ಬರುವವರೆಗೆ ಉಜ್ಜಿದಳು. ಹೊಳೆಯ ಕಡೆ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೋದಳು. ನೀರನ್ನು ಬಾಯಿಗೆ ಹಾಕಿದ್ದೇ ತಡ, ಬಿದ್ದು ಎದ್ದು ಊರಿನ ಕಡೆ ಓಡಿದಳು. ಸಿಹಿ ಎಂದರೆ ಬಾವಿಯ ನೀರಿನಂಥ ಸಿಹಿ. ಇಳಿಯಿರಿ, ಈಗಲೇ ಇಳಿಯಿರಿ ಎಂದು ಮನೆ ಮನೆ ಬಾಗಿಲು ಬಡಿದಳು. ಜನ ಬಲೆ ಎತ್ತಿಕೊಂಡು ಕಟ್ಟೆಯ ತನಕ ಬರುವ ಹೊತ್ತಿಗೆ ಪಡುವಣದ ಆಕಾಶ ಕಪ್ಪಾಗಿತ್ತು. ಹೆಂಗಸರು ಸೆರಗು ಸಿಕ್ಕಿಸುವಷ್ಟರಲ್ಲಿ ಮಳೆ ಸುರಿಯಿತು. ಮೃಗಶಿರೆಗೆ ಮೊದಲಿನ ರೋಹಿಣಿಯಲ್ಲೇ ಸುರಿಯಿತು, ಯಾರೂ ಕಂಡು ಕೇಳದ ಹಾಗೆ ಸುರಿಯಿತು. ಎದುರಿಗೆ ನಿಂತವರ ಮುಖ ಕಾಣದ ಆ ಮಳೆಯಲ್ಲಿ ಜನ ಸಿಕ್ಕಷ್ಟು ಹಿಡಿದರು. ಹಿಡಿದದ್ದು ಒಣಗಲಿಲ್ಲ, ಮೂರನೇ ದಿನಕ್ಕೆ ನಾರಿತು.

ಬೆಳಗಾದಾಗ ಗಜನಿ ಬೆಳ್ಳಗೆ ಕಾಣುತ್ತಿತ್ತಂತೆ. ಈ ಕಟ್ಟೆಯಿಂದ ಆ ಕಟ್ಟೆಯವರೆಗೆ ಹೊಟ್ಟೆ ಮೇಲಾಗಿ ತೇಲುವ ಮೀನು. ಕಾಣೆ, ಕಾಗಳಸಿ, ಸಿಗಡಿ. ತೋಳುದ್ದದ ಮೀನುಗಳಿದ್ದವಂತೆ. ಜನ ಕಟ್ಟೆಯ ಮೇಲೆ ಸಾಲಾಗಿ ನಿಂತು ನೋಡಿದರು. ಒಬ್ಬರೂ ಅಳಲಿಲ್ಲವಂತೆ, ಅಷ್ಟು ದೊಡ್ಡದಕ್ಕೆ ಎಲ್ಲಿಂದ ಅಳಲು ಶುರುಮಾಡುವುದೆಂದು ತಿಳಿಯದೆ ನಿಂತಿದ್ದರು.

ಬೊಮ್ಮಕ್ಕ ಬೈಗುಳಕ್ಕೆ ಕಾದು ನಿಂತಿದ್ದಳು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಹಮ್ಮಣ್ಣ ಹತ್ತಿರ ಬಂದು, ಅಕಾಲದ ಮಳೆ ಅಕ್ಕ, ನಿನ್ನ ನಾಲಗೆಗೂ ಸಿಗದ್ದು ಇನ್ಯಾರಿಗೆ ಸಿಗಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದನಂತೆ. ಹೆಂಗಸರು ಅವಳನ್ನು ಕೈಹಿಡಿದು ಮನೆಯವರೆಗೆ ಬಿಟ್ಟು ಬಂದರಂತೆ. ಆ ಸಮಾಧಾನದ ಮಾತುಗಳೆಲ್ಲ ಅವಳ ಎದೆಯಲ್ಲಿ ಮುಳ್ಳಾಗಿ ಕೂತವು.

ಆ ಮಳೆಗಾಲದ ಸುದ್ದಿಯನ್ನು ಹೆಚ್ಚು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಕೆಸುವಿನ ಎಲೆ ತಿಂದರು, ಹುಣಸೆಬೀಜ ಹುರಿದು ತಿಂದರು, ಬೈನೆಮರ ಕಡಿದು ತಿರುಳನ್ನು ಕುಟ್ಟಿ ಹಿಟ್ಟು ಮಾಡಿ ತಿಂದರು. ಮೊದಲು ಮುದುಕರು ಹೋದರು, ಆಮೇಲೆ ಎಳೆಯರು ಹೋದರು. ಹಾಗಿದ್ದೂ ಯಾವ ಮನೆಯಲ್ಲಿ ಏನು ಬೆಂದರೂ ಒಂದು ಹಿಡಿ ಬೊಮ್ಮಕ್ಕನ ಬಾಗಿಲಿಗೆ ಬರುತ್ತಿತ್ತು, ನಾಲಗೆಯ ಪಾಲು ಎಂದು. ಅದು ಊರಿನಲ್ಲಿ ಮೊದಲಿನಿಂದಲೂ ಇದ್ದ ಮರ್ಯಾದೆ. ಅವಳು ಅದನ್ನು ತುಳಸುವಿಗೆ ಉಣಿಸುತ್ತಿದ್ದಳು. ಆಷಾಢ ಹುಟ್ಟಿದ ಮೇಲೆ ಆ ಹಿಡಿಯೂ ನಿಂತಿತು, ಕೊಡುವವರ ಹತ್ತಿರವೇ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ತುಳಸು ಗಂಜಿ ಕೇಳಿತು. ಅವತ್ತಿನ ಹಾಗೆ ಉಪ್ಪು ಹಾಕಿದ ಗಂಜಿ, ಅಜ್ಜಿ, ಎಂದಿತು. ದೇವಮ್ಮ ತಂದಿಟ್ಟ ಗರಟೆಯಲ್ಲಿ ಉಪ್ಪು ಹಾಗೇ ಇತ್ತು, ತೇವಕ್ಕೆ ಸ್ವಲ್ಪ ಕರಗಿತ್ತು. ಉಪ್ಪಿತ್ತು, ಗಂಜಿ ಇರಲಿಲ್ಲ. ಬೊಮ್ಮಕ್ಕ ಒಂದು ಹರಳು ಉಪ್ಪನ್ನು ಮಗುವಿನ ನಾಲಗೆಯ ಮೇಲೆ ಇಟ್ಟಳಂತೆ. ಮಧ್ಯಾಹ್ನದ ಹೊತ್ತಿಗೆ ಮಗು ಹೋಯಿತು.

ಮಣ್ಣು ಮಾಡಲು ಹಮ್ಮಣ್ಣನೂ ಸೇರಿ ನಾಲ್ಕು ಜನ ಬಂದಿದ್ದರು, ಬರುವಷ್ಟು ಶಕ್ತಿ ಇದ್ದವರು ಅಷ್ಟೇ. ಮಳೆ ಹನಿಯುತ್ತಿತ್ತು. ಮಣ್ಣು ಮುಚ್ಚಿದ ಮೇಲೆ ಬೊಮ್ಮಕ್ಕ ಎಲ್ಲವನ್ನೂ ಹೇಳಿದಳು. ಗರಟೆ, ಗಂಜಿ, ಮೊದಲನೆಯ ತುತ್ತು, ಎರಡನೆಯ ತುತ್ತು. ಮಳೆಗೆ ಮೂರು ದಿನ ಮೊದಲೇ ಸಿಹಿ ಸಿಕ್ಕಿದ್ದು. ತಿಂದ ನಾಲಗೆಯನ್ನು ನಂಬದೆ ಸುಮ್ಮನಿದ್ದದ್ದು. ಅಂದೇ ಹೇಳಿದ್ದರೆ ಹಿಡಿಯಲು ಒಂದು ದಿನ ಸಿಗುತ್ತಿತ್ತು, ಒಣಗಿಸಲು ಎರಡು ಬಿಸಿಲಾದರೂ ಸಿಗುತ್ತಿತ್ತು. ನಾಲಗೆ ಸರಿಯಾಗಿಯೇ ಇತ್ತು, ಉಪ್ಪು ಅದನ್ನು ಏನೂ ಮಾಡಿರಲಿಲ್ಲ. ಹೇಳಿ, ನನ್ನನ್ನು ಹೊಡೆದು ಹೊಳೆಗೆ ಹಾಕಿ ಎಂದಳು.

ಹಮ್ಮಣ್ಣನ ಮನೆಯಲ್ಲಿ ಆ ಮಳೆಗೆ ಇಬ್ಬರು ಹೋಗಿದ್ದರು. ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲವೇನೋ. ಸನಿಕೆಯ ಹಿಡಿಯ ಮೇಲೆ ಕೈ ಊರಿ ನಿಂತ.

"ತಿಂದ್ರೆ ತಿಂದೆ ಅಕ್ಕ," ಎಂದ. "ಹೇಳೂಕೆ ಏನಾಗಿತ್ತು ನಿಂಗೆ?"

ಅಂದಿನಿಂದ ಅವಳು ಒಂದು ಮಾತೂ ಆಡಲಿಲ್ಲವಂತೆ. ಮಳೆ ನಿಂತ ಮೇಲೆ, ಗಜನಿಗೆ ಮತ್ತೆ ಉಪ್ಪು ನೀರು ಬರುವ ಹೊತ್ತಿಗೆ, ಅವಳು ಮನೆಯ ಬಾಗಿಲು ಎಳೆದುಕೊಂಡು ಹೊಳೆದಂಡೆ ಹಿಡಿದು ಮೇಲಕ್ಕೆ ನಡೆದಳಂತೆ. ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ನೀರನ್ನು ಬಾಯಿಗೆ ಹಾಕುತ್ತ, ಉಗಿಯುತ್ತ ಹೋದಳಂತೆ. ಉಪ್ಪು ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತ ಹೋದಳು ಎನ್ನುತ್ತಾರೆ ಕೆಲವರು. ಸಿಹಿ ಬಂದಲ್ಲಿ ನಿಂತು ಮೊದಲೇ ಕೂಗಿ ಹೇಳಲು ಹೋದಳು ಎನ್ನುತ್ತಾರೆ ಇನ್ನು ಕೆಲವರು. ಅವಳನ್ನು ತಡೆದವರಿಲ್ಲ, ಅವಳು ತಿರುಗಿ ಬಂದದ್ದನ್ನು ಕಂಡವರೂ ಇಲ್ಲ.

ಉಪ್ಪು ಬಿಡುವ ಕಟ್ಟು ಅಂದಿಗೇ ಮುರಿಯಿತು. ಆ ಥರದ ನಾಲಗೆಯೂ ಮತ್ತೆ ಊರಿನಲ್ಲಿ ಹುಟ್ಟಲಿಲ್ಲ. ಈಗ ಕಟ್ಟೆ ಅಲ್ಲಲ್ಲಿ ಕುಸಿದಿದೆ, ಜಂತ್ರಡಿಯ ಹಲಗೆ ಕೊಳೆತಿದೆ, ಗಜನಿಯಲ್ಲಿ ಮೊದಲಿನ ಮೀನೂ ಇಲ್ಲ. ಆದರೂ ಬೇಸಿಗೆಯ ಕೊನೆಗೆ ನೀರಿಗೆ ಇಳಿಯುವ ದಿನ ಹಳೇಕೋಡಿಯವರು ಒಂದು ಕೆಲಸ ಬಿಡುವುದಿಲ್ಲ. ಊರಿನ ಒಬ್ಬ ಹೆಂಗಸನ್ನು ಜಂತ್ರಡಿಯ ಹತ್ತಿರ ನಿಲ್ಲಿಸುತ್ತಾರೆ. ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಎರಡು ತುತ್ತು ಉಪ್ಪು ಗಂಜಿ ಇಡುತ್ತಾರೆ. ಹಿರಿಯನಾದವನು, ಉಪ್ಪು ತಿಂದಿದ್ದೀಯಾ ಎಂದು ಕೇಳುತ್ತಾನೆ. ತಿಂದೆ ಎನ್ನಬೇಕು. ಎಷ್ಟು ಎಂದು ಕೇಳುತ್ತಾನೆ. ಎರಡು ತುತ್ತು ಎನ್ನಬೇಕು.

ಆಗ ಕಟ್ಟೆಯ ಮೇಲೆ ನಿಂತವರೆಲ್ಲ, ಮಕ್ಕಳು ಮರಿ ಸಮೇತ, ಒಂದೇ ದನಿಯಲ್ಲಿ ಹೇಳುತ್ತಾರೆ: "ತಿಂದ್ರೆ ತಿಂದೆ. ಹೇಳು."

ಹೇಳಿ, ಕೂಡಲೇ ನೀರಿಗೆ ಇಳಿಯುವುದಿಲ್ಲ. ಹೊಳೆಯ ಮೇಲ್ಗಡೆಗೆ ಮುಖಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಮಾತು ಅಲ್ಲಿಯವರೆಗೆ ಹೋಗಿ ಮುಟ್ಟಲಿ ಎಂದು. ಆಮೇಲೆ ಒಬ್ಬೊಬ್ಬರಾಗಿ ಬಲೆ ಹಿಡಿದು ಇಳಿಯುತ್ತಾರೆ.